ಓದದೆ ಬಿಟ್ಟ ಸೊನ್ನೆ

ಹನ್ನೆರಡು ವರ್ಷದಿಂದ ಈ ದಪ್ಪ ಪುಸ್ತಕ ನನ್ನ ಕೈಯಲ್ಲಿದೆ.
ತಿಂಗಳ ಮೊದಲ ಭಾನುವಾರ
ಕಡೆಯ ಆಶೀರ್ವಾದಕ್ಕೆ ಮುಂಚೆ
ಎದ್ದು ನಿಂತು ಓದುತ್ತೇನೆ:
ಇಂಥ ಮನೆ, ಇಷ್ಟು ತಾಲಾ.
ಇಂಥ ಮನೆ, ಇಷ್ಟು.
ಬಿಳಿ ಟೋಪಿಗಳು ಅಲುಗುವುದಿಲ್ಲ.
ಬೀಸಣಿಗೆಗಳು ಮಾತ್ರ ಒಂದು ಗಳಿಗೆ ನಿಂತು
ಮತ್ತೆ ಬೀಸತೊಡಗುತ್ತವೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ,
ಇದನ್ನೂ ನಾನೇ ಓದಿದ್ದೇನೆ, ಅದೇ ಪೀಠದಿಂದ.
ಆದರೆ ಸವಾಯಿ ದ್ವೀಪದ ಈ ಊರಲ್ಲಿ
ಎಡಗೈಗೆ, ಎಡಗೈಯ ಅತ್ತಿಗೆಗೆ,
ಆಕ್ಲೆಂಡಿನಿಂದ ರಜೆಗೆ ಬಂದ ಅತ್ತಿಗೆಯ ತಮ್ಮನಿಗೆ
ಎಲ್ಲರಿಗೂ ತಿಳಿಯುತ್ತದೆ.
ಪಾದ್ರಿಗಳ ಮನೆಗೆ ಹೊಸ ತಗಡು ಬಂದದ್ದು ಹೀಗೆ.
ಚಂಡಮಾರುತ ಹೊತ್ತೊಯ್ದ ಶಾಲೆ
ಮತ್ತೆ ಎದ್ದದ್ದೂ ಹೀಗೆಯೇ.
ಬೇಕಾದರೆ ಹೊಗಳಿ, ಬೇಕಾದರೆ ಬಯ್ಯಿರಿ,
ನಾನು ಲೆಕ್ಕ ಬರೆಯುವವನು.

ಆ ಭಾನುವಾರ, ಹದಿನೇಳನೆಯ ಸಾಲು.
ಸಿನೀರಾ. ದೋಣಿ ಕಟ್ಟುವ ವಾಏಲುವಾನ ಹೆಂಡತಿ.
ಹೆಸರಿನ ಮುಂದೆ ನಾನೇ ಬರೆದ ಸೊನ್ನೆ,
ದುಂಡಗೆ, ತೆರೆದ ಬಾಯಿಯ ಹಾಗೆ.
ಮೂರನೆಯ ಬೆಂಚಿನಲ್ಲಿ
ಬೆನ್ನು ನೆಟ್ಟಗೆ ಮಾಡಿ ಕೂತು
ನನ್ನನ್ನೇ ನೋಡುತ್ತಿದ್ದಳು.
ಬೇಡುತ್ತಿದ್ದಾಳೆ ಅಂದುಕೊಂಡೆ.
'ಸಿನೀರಾ' ಎಂದೆ. ಗಂಟಲು ಕಟ್ಟಿತು.
'ನಲವತ್ತು' ಎಂದೆ.

ನಲವತ್ತನ್ನು ನನ್ನ ಜೇಬಿನಿಂದ ತುಂಬಿದೆ.
ಮನೆಯಲ್ಲಿ ಮಲಾಏಯಾ
ಸಕ್ಕರೆ, ಸೋಪು, ಬಸ್ಸಿನ ಚಾರ್ಜು ಎಂದು
ಒಂದೊಂದೇ ಬೆರಳು ಮಡಿಸಿದಳು.
ನಾನು ಬಾಯಿ ಬಿಡಲಿಲ್ಲ.
ಬಾಯಿ ಬಿಡದಿರುವುದರಲ್ಲಿ ಎಂಥ ಸುಖ!
ದೀವಿಹಲಸು ಸುಡುವಾಗ, ಬಲೆ ಒಣಹಾಕುವಾಗ
ತಿಂಗಳಿಡೀ ಒಳಗೊಳಗೇ ನಕ್ಕೆ.
ಎಡಗೈ ಒಂದು ಸಲ
ಬಲಗೈಯ ಬೆನ್ನು ತಟ್ಟಿತು ಕೂಡ.

ತಿಂಗಳು ತುಂಬುವ ಮುಂಚೆ ಅವಳು ಬಂದಳು.
ಬಾಗಿಲಲ್ಲಿ ಚಪ್ಪಲಿ ಬಿಡಲಿಲ್ಲ.
'ನನ್ನ ಹೆಸರಲ್ಲಿ ಹಣ ಹಾಕಿದ್ದು ಯಾರು?'
ನೆಲ ನೋಡಿದೆ. ಅದೇ ಉತ್ತರವಾಯಿತು.

'ಗಂಡ ಅಪಿಯಾದ ಆಸ್ಪತ್ರೆಯಲ್ಲಿರುವುದು
ಎಲ್ಲರಿಗೂ ಗೊತ್ತು.
ಹೋಗಿಬರುವ ಹಡಗಿಗೆ ಒಂದೊಂದು ಸಲಕ್ಕೆ ಒಂದೊಂದು ಚಾಪೆ ಮಾರಿ
ಈಗ ಚಾಪೆ ಮುಗಿದದ್ದು ಯಾರಿಗೂ ಗೊತ್ತಿಲ್ಲ.
ಮನೆಮನೆಯ ಮೆಟ್ಟಿಲೇರಿ ಕೇಳಲು
ನನಗೆ ನಾಲಿಗೆ ಏಳುವುದಿಲ್ಲ.
ಅದಕ್ಕೇ ಖಾಲಿ ಲಕೋಟೆ ಅಂಟಿಸಿ,
ಹೆಸರು ಬರೆದು ಹಾಕಿದ್ದು.
ನೀನು ಓದಿದ್ದರೆ ಸಾಕಿತ್ತು.
ಸಂಜೆಯೊಳಗೆ ಯಾರೋ ಕೆಸುವಿನ ಗೆಡ್ಡೆ ತರುತ್ತಿದ್ದರು,
ಯಾರೋ ಮೀನು,
ಯಾರೋ ಚಿಕ್ಕವನನ್ನು ರಾತ್ರಿಗೆ ಕರೆದೊಯ್ಯುತ್ತಿದ್ದರು.
ನಲವತ್ತು ಕೊಟ್ಟವಳ ಮನೆಗೆ ಯಾರು ಬರುತ್ತಾರೆ?
ಇದ್ದದ್ದು ಒಂದು ಸೊನ್ನೆ.
ಅದನ್ನೂ ಕದ್ದೆಯಲ್ಲ.'

ಈ ಭಾನುವಾರ ಮತ್ತೆ ಹದಿನೇಳನೆಯ ಸಾಲು.
'ಸಿನೀರಾ' ಎಂದೆ. 'ಸೊನ್ನೆ.'
ಬೀಸಣಿಗೆಗಳು ನಿಂತವು.
ನಿಂತೇ ಇದ್ದವು.
ಮಗುವೊಂದು ಆಕಳಿಸಿದ್ದು ಕೂಡ ಕೇಳಿಸಿತು.
ಇಪ್ಪತ್ತೆರಡನೆಯ ಸಾಲಲ್ಲಿ ನನ್ನದೇ ಮನೆ, ಎಂದಿನಷ್ಟೇ ಮೊತ್ತ.
ಇದ್ದದ್ದನ್ನು ಓದಲು
ನಾಚಿಕೆಯಾದದ್ದು ಅದೇ ಮೊದಲು.

ಹೊರಗೆ ನೆಲದೊಲೆಗಳ ಹೊಗೆ.
ಪುಸ್ತಕ ಬೀರುವಿನಲ್ಲಿಟ್ಟು ಮನೆಗೆ ಬರುವಷ್ಟರಲ್ಲಿ
ಮಲಾಏಯಾ ಬುಟ್ಟಿ ತುಂಬುತ್ತಿದ್ದಳು,
ಎಲೆಯಲ್ಲಿ ಸುತ್ತಿದ್ದು, ಬಿಸಿಯಿದ್ದದ್ದು,
ನಾಳೆಗೆಂದು ಎತ್ತಿಟ್ಟದ್ದು.
'ಆ ನಲವತ್ತು ಎಲ್ಲಿ ಹೋಯಿತೆಂದು ಈಗ ಗೊತ್ತಾಯಿತು' ಎಂದಳು.
ನಗಲಿಲ್ಲ.
ಬುಟ್ಟಿಯ ಒಂದು ಹಿಡಿಯನ್ನು
ನನ್ನ ಕಡೆ ತಳ್ಳಿದಳು.
ಭಾರವಿತ್ತು.