ಮೋರಿಯರ ಮನೆ, ಹಾಳೆ ಹದಿನಾಲ್ಕು

ನಾಚಪ್ಪನವರ ತೋಟದ ಮೂರನೇ ಗೇಟು ದಾಟಿ
ಕಾಫಿ ಗಿಡಗಳನ್ನು ಮೊಣಕೈಯಿಂದ ಸರಿಸುತ್ತ ಇಳಿದರೆ
ನಾಲ್ಕು ಚಪ್ಪಡಿ ನಿಂತಿವೆ, ಮೇಲೊಂದು ಮಲಗಿದೆ.
ಅಷ್ಟೇ.
ಬೋರ್ಡಿಲ್ಲ, ಬೇಲಿಯಿಲ್ಲ.
ಸಿಲ್ವರ್ ಮರದ ಬೇರೊಂದು ಒಳನುಗ್ಗಿ
ನೆಲ ಒಂದು ಗೇಣು ಮೇಲೆದ್ದಿದೆ.

ಟೇಪಿನ ಆ ತುದಿ ಹಿಡಿಯಲು ಯಾರಾದರೂ ಬೇಕಿತ್ತು.
ಹಣ್ಣು ಕುಯ್ಯುತ್ತಿದ್ದ ಚಾತಿ ಬಂದಳು,
ಸೊಂಟದ ಚೀಲ ಬಿಚ್ಚದೆ.
ಉದ್ದ ಏಳಡಿ ಎರಡಂಗುಲ. ಅಗಲ ಐದು.
ಪೂರ್ವದ ಚಪ್ಪಡಿಯಲ್ಲಿ ಒಂದು ತೂತು,
ಗುಂಡಗೆ, ಸುಲಿದ ತೆಂಗಿನಕಾಯಿ ಹಿಡಿಸುವುದಕ್ಕಿಂತ ತುಸು ದೊಡ್ಡದು.
ಸ್ಥಿತಿ: ಬಿರುಕು.
ಕಾಲ: ಗೊತ್ತಿಲ್ಲ ಎಂದು ಬರೆಯುವ ಹಾಗಿಲ್ಲ,
ಬೃಹತ್ ಶಿಲಾಯುಗ ಎಂದು ಬರೆದೆ.
'ಸದ್ಯದ ಬಳಕೆ' ಎಂಬ ಕಾಲಮ್ಮಿನ ಎದುರು
ಪೆನ್ನು ನಿಂತಿತು.

ಚಾತಿ ತೂತಿನೊಳಗೆ ತೋಳು ತೂರಿಸಿ
ಒಂದೊಂದೇ ತೆಗೆದಳು:
ಸ್ಟೀಲಿನ ಬುತ್ತಿ, ಎಲೆಯಡಿಕೆ ಚೀಲ,
ಮಳೆಗೆ ಹೊದೆಯುವ ಗೊಬ್ಬರದ ಪ್ಲಾಸ್ಟಿಕ್ಕು,
ಮೊಮ್ಮಗಳ ಒಂದೇ ಒಂದು ಚಪ್ಪಲಿ.
"ಮೋರಿಯರು ಮೂರಡಿ ಜನ, ಮೇಡಂ.
ಬಾಗಿಲು ಅವರ ಅಳತೆಗೆ.
ನಮ್ಮ ಬುತ್ತಿ ಅವರು ಮುಟ್ಟಲ್ಲ,
ಮಂಗವೂ ಅಲ್ಲಿಗೆ ಕೈ ಹಾಕಲ್ಲ."

ಹೋದ ವಾರ ಘಟ್ಟ ಇಳಿದಿದ್ದೆ,
ತಲಶೇರಿ, ಕಣ್ಣೂರು, ಕೋಟೆ ನೋಡಲು,
ಕೆಲಸಕ್ಕಲ್ಲ, ಸುಮ್ಮನೆ.
ಮುರಕಲ್ಲಿನ ಗೋಡೆ, ಕತ್ತರಿಸಿದ ಹುಲ್ಲು,
ಫಿರಂಗಿಯ ಮೇಲೆ ಕೂತು ಐಸ್‌ಕ್ರೀಮು ನೆಕ್ಕುವ ಮಗು.
ಕಿಂಡಿಗಳೆಲ್ಲ ಸಮುದ್ರಕ್ಕೆ ತೆರೆದಿದ್ದವು,
ಬರುವವರನ್ನು ಹೊಡೆಯಲೆಂದು.
ಯಾರು ಕಟ್ಟಿದರು, ಯಾರು ಕಿತ್ತುಕೊಂಡರು,
ಯಾವ ಇಸವಿ, ಎಲ್ಲ ಫಲಕದಲ್ಲಿತ್ತು.
ಓದಿ ಮುಗಿಸಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ.

ಇಲ್ಲಿನ ಕಿಂಡಿಗೆ ಕಾಣುವುದು
ಎರಡು ಮಾರು ದೂರದ ಕಾಫಿ ಗಿಡ.

ಬೇರು ಎತ್ತಿದ ಮಣ್ಣನ್ನು ಜರಡಿಗೆ ಹಾಕಿದೆವು.
ಕೆಂಪು ಮಡಕೆ ಚೂರು, ಕರಿ ಚೂರು,
ಆಮೇಲೆ ಒಂದು ಕವಡೆ.
ಬೆನ್ನಿಗೆ ದಾರ ಹಾಯುವಷ್ಟು ತೂತು,
ಮುದುಕರ ಹಲ್ಲಿನ ಬಣ್ಣ.

ಅಷ್ಟರಲ್ಲಿ ರಸ್ತೆಯಲ್ಲಿ ಹಾರ್ನು.
ಅಸೈನಾರ್. ಪೆರುಂಬಾಡಿ ಹತ್ತಿ ಬಂದ ಸ್ಕೂಟರು,
ಬಾಕ್ಸಿನಿಂದ ಐಸಿನ ನೀರು ತೊಟ್ಟಿಕ್ಕುತ್ತ.
ಲೈನಿನ ಹೆಂಗಸರು ಪಾತ್ರೆ ಹಿಡಿದು ಓಡಿದರು,
ನಾನೂ ಹೋದೆ, ಕವಡೆಯೊಂದಿಗೆ.
ಮತ್ತಿ ತೂಗುತ್ತಿದ್ದ ಕೈ ಲುಂಗಿಗೆ ಒರೆಸಿ
ಬೆಳಕಿಗೆ ಹಿಡಿದ, ಮೂಸಿದ.
"ನಮ್ಮ ಕಡೇದು" ಅಂದ,
ಊರಿನ ಹುಡುಗನನ್ನು ಪರಸ್ಥಳದಲ್ಲಿ ಕಂಡವನ ಹಾಗೆ.
"ಎಷ್ಟು ಹಳೇದು?"
"ಅದು ಗೊತ್ತಾಗಲ್ಲ. ಮೀನಾದ್ರೆ ಹೇಳಬಹುದು."

ಇದನ್ನು ಹೊತ್ತು ಘಟ್ಟ ಹತ್ತಿದವರು ಯಾರೋ,
ಬದಲಿಗೆ ಏನು ಪಡೆದರೋ, ಜೇನೋ, ಮೆಣಸೋ,
ಒಂದು ರಾತ್ರಿಯ ಬೆಂಕಿಯೋ.
ಸಮುದ್ರ ಕಾಣದವಳೊಬ್ಬಳ ಕೊರಳಲ್ಲಿ
ನಡೆದಾಗೆಲ್ಲ ಸದ್ದು ಮಾಡಿತೋ.
ಅಥವಾ ಹೋದ ವರ್ಷ ಚಾತಿಯ ಮೊಮ್ಮಗಳು
ಪೋಣಿಸಿ, ಬೇಸರ ಬಂದು, ಎಸೆದದ್ದೋ.
ಕೇಳಿದೆ. ಚಾತಿ ನಕ್ಕಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.
ಸಮುದ್ರ ಅವಳೂ ನೋಡಿಲ್ಲ.
"ಮೀನು ನೋಡಿದೀನಲ್ಲ" ಅಂದಳು.

ಕವಡೆಗೆ ಚೀಟಿ ಅಂಟಿಸಿ ಡಬ್ಬಿಯಲ್ಲಿಟ್ಟೆ.
ಹಾಳೆಗೆ ಮತ್ತಿಯ ವಾಸನೆ ಹತ್ತಿತ್ತು.
'ಸದ್ಯದ ಬಳಕೆ' ಎದುರು
ಬರೆದೆ: ಇದೆ.
ತಿರುಗಿ ನೋಡಿದರೆ ಚಾತಿ
ಕಾಲು ಕೇಜಿ ಮೀನಿನ ಪೊಟ್ಟಣವನ್ನು
ತಂಪಿಗೆಂದು
ತೂತಿನೊಳಗೆ ತಳ್ಳುತ್ತಿದ್ದಳು.