ಕುದುರೆಯ ದನಿಯೂ ಅವನದೇ

ಗ್ರಂಥಾಲಯ ಬೇಡವೆಂದು ಹೊರಗಿಟ್ಟ ಕಂಪ್ಯೂಟರಿಗೆ
ಲಿನಕ್ಸ್ ಹಾಕಿ ಕೊಟ್ಟವಳು ನಾನು.
ಹಾಗಾಗಿ ದೂರೂ ನನಗೇ.
"ಆಗ್ನಿಯಾ, ಇದು ನನ್ನ ಆಟ ನುಂಗುವುದಿಲ್ಲ" ಎಂದು
ಜಿನೋವಿ ಅರ್ಕಾದ್ಯೆವಿಚ್ ಮೇಜಿನ ಮೇಲಿಟ್ಟರು
ಕರೆಂಟ್ ಬಿಲ್ಲಿನಲ್ಲಿ ಸುತ್ತಿದ ಒಂದು ಸಿ.ಡಿ.

ದೌಗಾವ್ಪಿಲ್ಸ್, ನಾಲ್ಕನೇ ಮಹಡಿ, ಮಾರ್ಚ್ ತಿಂಗಳು.
ಹೊರಗೆ ನದಿ ತನ್ನ ಮಂಜಿನ ಚಿಪ್ಪು ಕಳಚುತ್ತಿತ್ತು.

ಹೊಸತೇ ಸಿಗುತ್ತದಲ್ಲ, ಎಂದೆ.
ಅದೇ ರಾಜ, ಅದೇ ಕೋಟೆ, ಚಿತ್ರ ಇನ್ನೂ ಚೆನ್ನ,
ಒಂದು ಊಟದ ದುಡ್ಡೂ ಆಗುವುದಿಲ್ಲ.
ಅವರು ತಲೆಯಾಡಿಸಿದರು.
ಬೇಡ. ಇದೇ ಬೇಕು. ಈ ಕಳ್ಳಮಾಲೇ.

ಸರಿ, ಕೂತೆ.
ವಿಂಡೋಸಿಗೆಂದು ಹುಟ್ಟಿದ್ದಕ್ಕೆ ಇದು ಪರದೇಶ.
ನಡುವೆ ವೈನ್ ಎಂಬ ದುಭಾಷಿ. ಹೆಸರಷ್ಟೇ, ಅಮಲಿಲ್ಲ.
ಆಟ ಬಾಗಿಲು ಕೇಳಿದರೆ ಇದು ಬಾಗಿಲೆನ್ನುತ್ತದೆ,
ಸಿ ಡ್ರೈವ್ ಎಲ್ಲಿ ಎಂದರೆ
ಒಂದು ಫೋಲ್ಡರ್ ತೋರಿಸಿ, ಇಗೋ, ಎನ್ನುತ್ತದೆ
ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಇನ್‌ಸ್ಟಾಲರ್ ಹದಿನಾರು ಬಿಟ್ಟಿನದು, ಏಳಲೇ ಇಲ್ಲ.
ಫೈಲುಗಳನ್ನು ಕೈಯಾರೆ ಹೊತ್ತು ಹಾಕಿದೆ.
ಅಕ್ಷರಗಳೆಲ್ಲ ಪ್ರಶ್ನೆಚಿಹ್ನೆ;
ನೀನು ರಷ್ಯನ್ನು ಕಣೋ ಎಂದು ನೆನಪಿಸಿದ ಮೇಲೆ
ನಾಚಿಕೊಂಡು ತಿದ್ದಿಕೊಂಡವು.
ಆಮೇಲೆ ಸೈನಿಕರು ಬೆಂಕಿ ಬಿದ್ದವರಂತೆ ಓಡಿದರು.
ಈ ಕಾಲದ ಪ್ರೊಸೆಸರಿಗೆ ಆ ಕಾಲದ ನಡಿಗೆ ಗೊತ್ತಿಲ್ಲ.
ವೇಗಕ್ಕೆ ಮೂಗುದಾರ ಹಾಕಿದೆ.
ಎರಡು ಸಂಜೆ, ಆರು ಲೋಟ ಚಹಾ,
ಪಕ್ಕದ ಕಿಟಕಿಯಲ್ಲಿ ವೈನಿನ ಗೊಣಗಾಟ:
ಫಿಕ್ಸ್‌ಮಿ, ಫಿಕ್ಸ್‌ಮಿ, ಫಿಕ್ಸ್‌ಮಿ.

ಮೂರನೆಯ ಸಂಜೆ ರಾಜ ಬಾಯಿ ತೆರೆದ.

ನೆಗಡಿಯಾದ ಗಂಡಸಿನ ದನಿ.
ರಾಣಿ ಬಂದಳು, ಅದೇ ನೆಗಡಿ.
ಮಾಟಗಾತಿ, ಮಂತ್ರಿ, ಹಾಲುಗಲ್ಲದ ರಾಜಕುಮಾರ,
ಎಲ್ಲರಿಗೂ ಒಂದೇ ಮೂಗು.
ಕುದುರೆ ಕೂಡ
ರೈಲ್ವೆ ಪ್ರಕಟಣೆಯ ಗತ್ತಿನಲ್ಲಿ ಕೆನೆಯಿತು.

ನಾನು ನಕ್ಕೆ. ನಕ್ಕು ತಿರುಗಿದೆ.
ಮುದುಕರ ತುಟಿ ಅಲುಗುತ್ತಿತ್ತು,
ಪ್ರತಿ ಮಾತಿಗೂ ಕೂದಲೆಳೆ ಮುಂಚೆ.

"ನಿಲ್ದಾಣದಲ್ಲಿ ಸಂಬಳ ನಿಂತಿತ್ತು ಆ ವರ್ಷ," ಎಂದರು.
"ಮೂವತ್ತು ಡಾಲರ್. ಅಡುಗೆಮನೆ ಪಕ್ಕದ ಕೋಣೆ,
ತಲೆ ಮೇಲೆ ಕಂಬಳಿ, ಒಂದು ರಾತ್ರಿ.
ಕುದುರೆಗೆ ಬೇರೆ ದುಡ್ಡು ಕೊಡಲಿಲ್ಲ ಬಡ್ಡಿಮಕ್ಕಳು."

ಏಳನೇ ದೃಶ್ಯಕ್ಕೆ ಹೋಗು, ಎಂದರು.
ವಿಡಿಯೊ ಬರಲಿಲ್ಲ. ಯಾವುದೋ ಕೋಡೆಕ್ ಇಲ್ಲ.
ಹುಡುಕುತ್ತೇನೆ, ಎಂದೆ.
ಬೇಡ. ಕಪ್ಪೇ ಇರಲಿ.

ಕಪ್ಪು ಪರದೆಯ ಒಳಗೆ ಸೆರೆಯಾಳನ್ನು ಹೊಡೆಯುವ ಸದ್ದು.
ಏಟು, ಏಟು.
ದೂರದಲ್ಲಿ ಒಂದು ಪಾತ್ರೆಯ ಮುಚ್ಚಳ.
ಆಟದ ಯಾವ ಪಟ್ಟಿಯಲ್ಲೂ ಇರದ ಹೆಣ್ಣುದನಿ,
ಗೋಡೆಯಾಚೆಯಿಂದ:
"ಉಪ್ಪು?"
ರಾಜ, ಗತ್ತು ಬಿಡದೆ:
"ಸಾಕು."

ಏಟು ನಿಂತಿತು. ಸೆರೆಯಾಳು ಬದುಕಿದ.
ಕಥೆ ಎಲ್ಲಿಯೂ ತಪ್ಪದೆ ಮುಂದೆ ಹೋಯಿತು.

"ಮತ್ತೊಮ್ಮೆ ಹೇಳಿಸಬೇಕಿತ್ತು," ಎಂದರು, "ಟೇಪಿಗೆ ಸಮಯವಿರಲಿಲ್ಲ.
ಮಾರಿದವನಿಗೂ ಗೊತ್ತಾಗಲಿಲ್ಲ. ಆಡಿದವರಿಗೂ."
ಸ್ವಲ್ಪ ಹೊತ್ತು ಚಮಚೆ ತಿರುಗಿಸುತ್ತ ಕೂತರು,
ಸಕ್ಕರೆ ಹಾಕದ ಚಹಾದಲ್ಲಿ.

ಆಮೇಲೆ ಕನ್ನಡಕ ಏರಿಸಿ ಪಕ್ಕದ ಕಿಟಕಿಗೆ ಬೆರಳಿಟ್ಟರು:
ಏನು ಬೇಡುತ್ತಿದೆ ಇದು ಸಾಲುಸಾಲಾಗಿ?
ಸರಿಪಡಿಸು ಎನ್ನುತ್ತಿದೆ, ಎಂದೆ.
ಇನ್ನೂ ಆಗಿಲ್ಲದ್ದು ಬಹಳ ಇದೆಯಂತೆ.

"ಎಲ್ಲಾ ವೇಷ ಒಬ್ಬನೇ ಹಾಕಿದರೆ ಹಾಗೇ," ಎಂದರು,
ಮತ್ತು ಮೌಸ್ ನನ್ನ ಕಡೆ ತಳ್ಳಿದರು:
ಏಳನೆಯದು, ಇನ್ನೊಂದು ಸಲ.