ಬಲಗಡೆ ಇಂಡಿಕೇಟರ್

ಕೀಲಿ ತಿರುಗಿಸಿದರೆ
ಟಕ್, ಟಕ್, ಟಕ್,
ಮೊಟ್ಟೆಯೊಳಗಿಂದ ಮರಿ ಕುಕ್ಕಿದ ಹಾಗೆ.
ಅಷ್ಟೇ.
ಬಾಣಾವರದ ಆಸ್ಪತ್ರೆಯಲ್ಲಿ ಎಂಟಕ್ಕೆಲ್ಲ
ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯವರ ಸಾಲು.
ಇಲ್ಲಿ ಅರಸೀಕೆರೆಯ ನಮ್ಮ ಓಣಿಯಲ್ಲಿ
ನನ್ನದೂ ಖಾಲಿ ಹೊಟ್ಟೆ, ಕಾರಿನದೂ.

ತಿಂಗಳಲ್ಲಿ ಇದು ಮೂರನೇ ಸಲ.

ಶಹತಾಜ್ ಬಂದಳು ಸ್ಕೂಟಿಯ ಮೇಲೆ,
ಕಾಲ ಬಳಿ ಎರವಲು ಬ್ಯಾಟರಿ,
ದುಪಟ್ಟಾದ ತುಂಬ ಆಸಿಡ್ ಸುಟ್ಟ ತೂತು.
"ಚುಕ್ಕಿ ಡಿಸೈನು ಅಕ್ಕಾ, ಅಂಗಡೀಲಿ ಸಿಗಲ್ಲ."
ದಸ್ತಗೀರ್ ಸಾಬರಿಗೆ ಸೊಂಟ ಹಿಡಿದ ಮೇಲೆ
ಸ್ಟೇಷನ್ ರಸ್ತೆಯ ಬ್ಯಾಟರಿ ಅಂಗಡಿ ಮಗಳದೇ.

ಬಾನೆಟ್ ಎತ್ತಿದಳು.
ಟರ್ಮಿನಲ್ ಮೇಲೆ ಹಸಿರು ಬಿಳುಪಿನ ಬೂಷ್ಟು,
ಹಳೇ ಉಪ್ಪಿನಕಾಯಿ ಜಾಡಿಯ ಬಾಯಿ.
"ಬಿಚ್ಚುವಾಗ ಮೊದಲು ಮೈನಸ್ಸು, ಆಮೇಲೆ ಪ್ಲಸ್ಸು.
ಕಟ್ಟುವಾಗ ಉಲ್ಟಾ, ಮೈನಸ್ಸು ಕೊನೆಗೆ.
ಬಳೆ ತೆಗೀರಿ, ಉಂಗುರಾನೂ.
ಸ್ಪ್ಯಾನರ್ ಎರಡಕ್ಕೂ ತಗುಲಿದರೆ
ದೀಪಾವಳಿ ಇಲ್ಲೇ."
ಬಿಸಿನೀರಿಗೆ ಅಡಿಗೆ ಸೋಡಾ ಕದಡಿ ಸುರಿದಳು;
ಬುಸುಬುಸು ನೊರೆ ಎದ್ದು ಇಳಿಯಿತು.
ಹಳೇ ಟೂತ್‌ಬ್ರಷ್ಷು, ಒಣಬಟ್ಟೆ, ಚಿಟಿಕೆ ವ್ಯಾಸಲೀನು.
ಆಮೇಲೆ ಆರು ಮುಚ್ಚಳ ತೆಗೆದು
ಒಂದೊಂದರೊಳಕ್ಕೂ ಗಾಜಿನ ಕೊಳವೆ ಇಳಿಸಿ
ಸ್ವಲ್ಪ ಸ್ವಲ್ಪವೇ ಹೀರಿ ಬೆಳಕಿಗೆ ಹಿಡಿದಳು.
ದಿನಾ ಐವತ್ತು ಜನರ ರಕ್ತ ಎಳೆಯುವವಳು ನಾನು,
ನನಗೆ ಆ ಕೈ ಗುರುತು ಸಿಕ್ಕಿತು.

ವೈರು ಕೊಟ್ಟಳು, ಗಾಡಿ ಎದ್ದಿತು.
ಮೀಟರಿಟ್ಟು ನೋಡಿದಳು: ಹದಿನಾಲ್ಕು ಚಿಲ್ಲರೆ.
"ಡೈನಮೋ ಚೆನ್ನಾಗಿದೆ, ನೀರೂ ಇದೆ.
ಬ್ಯಾಟರಿ ಸತ್ತಿಲ್ಲ ಅಕ್ಕಾ,
ರಾತ್ರಿ ಹೊತ್ತು ಯಾರೋ ಕುಡೀತಿದ್ದಾರೆ."

ನಕ್ಕೆ. ಈ ಓಣಿಯಲ್ಲಿ ಕುಡಿಯುವವರ ಪಟ್ಟಿ
ನನ್ನ ಹತ್ತಿರವೇ ಇದೆ,
ಲಿವರ್ ರಿಪೋರ್ಟು ಬರೆಯುವವಳು ನಾನೇ.

ಒಳಗೆ ಕೂತಾಗ ಹೊಳೆಯಿತು.
ಬೆಳಗಿನಿಂದ ಕ್ಲಚ್ಚಿಗೆ ಕಾಲೆಟುಕದೆ
ಸೀಟಿನ ತುದಿಗೆ ಜಾರಿ ಕೂತಿದ್ದೆನಲ್ಲ,
ಸೀಟು ಎರಡು ಹಲ್ಲು ಹಿಂದಕ್ಕಿತ್ತು.
ಇಂಡಿಕೇಟರ್ ಕಡ್ಡಿ ಬಲಕ್ಕೆ ವಾಲಿತ್ತು.
ಮ್ಯಾಟಿನ ಮೇಲೆ ಚಪ್ಪಟೆ ಸೀಮೆಸುಣ್ಣದ ಚೂರು,
ಗೇರಿನ ಗುಂಡಿನ ಮೇಲೆ ಒಂದು ನೀಲಿ ಹೆಬ್ಬೆಟ್ಟು.

ಓಂಕಾರಿ ಟೈಲರ್ಸ್, ಪ್ರೊಪ್ರೈಟರ್ ನಮ್ಮ ಮನೆಯವರು.
ಇಪ್ಪತ್ತು ವರ್ಷ ಕಾಲಲ್ಲೇ ಮಿಷನ್ ಓಡಿಸಿದವರು.
ಕಾರು ತಂದ ದಿನ, "ನನಗ್ಯಾಕೆ, ನಡೆದೇ ಹೋಗ್ತೀನಿ" ಅಂದವರು.
"ನಾನೇ ಕಲಿಸ್ತೀನಿ ಬನ್ನಿ" ಅಂದದ್ದಕ್ಕೆ
ಪಕ್ಕದ ಪಾನ್ ಅಂಗಡಿಯಲ್ಲಿ ನಗೆ ಎದ್ದಿತ್ತು,
ಅವರೂ ನಕ್ಕಿದ್ದರು.
ಹತ್ತೂವರೆಗೆ ಷಟರ್ ಎಳೆದು ಬಂದು, ಎಲ್ಲ ಮಲಗಿದ ಮೇಲೆ
ಕೀಲಿ ಹಾಕಿ, ದೀಪ ಹಾಕಿ,
ಒಂದು, ಎರಡು, ಮೂರು, ಮತ್ತೆ ಎರಡು...
ಒಂದಿಂಚೂ ಕದಲದೆ
ಎಲ್ಲೆಲ್ಲಿಗೆ ಹೋಗಿ ಬಂದರೋ!
ತಿಪಟೂರಿಗೋ, ಕಡೂರಿಗೋ,
ಎಲ್ಲೋ ಬಲಕ್ಕೆ ತಿರುಗಿದ್ದಂತೂ ನಿಜ.

ಕೇಳಲಿಲ್ಲ.
ರಾತ್ರಿ ಅನ್ನ ಬಡಿಸುತ್ತ ಗೋಡೆಗೆ ಹೇಳಿದೆ:
"ನಿಂತ ಗಾಡಿಗೆ ದೀಪ ಹಾಕಿದರೆ ಬ್ಯಾಟರಿ ಇಳಿಯುತ್ತಂತೆ,
ಓಡಿದರೆ ತಾನೇ ತುಂಬಿಕೊಳ್ಳುತ್ತಂತೆ.
ಟಯರಿನ ಗಾಳಿ ವಾರಕ್ಕೊಮ್ಮೆ, ಆಯಿಲ್ ಕಡ್ಡಿ ಒರೆಸಿ ನೋಡೋದು,
ಇದನ್ನೆಲ್ಲ ಇಬ್ಬರು ತಿಳಿದಿದ್ದರೆ ಒಳ್ಳೇದಂತೆ.
ಭಾನುವಾರ ಬೆಳಿಗ್ಗೆ
ಕೊಬ್ಬರಿ ಮಾರ್ಕೆಟ್ಟಿನ ಅಂಗಳ ಖಾಲಿ ಇರುತ್ತೆ."
ಮಜ್ಜಿಗೆ ಅನ್ನ ಬಹಳ ಹೊತ್ತು ಕಲಸಿದರು.
"ಉಪ್ಪು" ಅಂದರು.

ಶನಿವಾರ ರಾತ್ರಿ ಮಿಷನ್ನಿನ ಮೇಲೆ ಮಡಚಿಟ್ಟಿದ್ದರು
ಮದುವೆಗಷ್ಟೇ ಹಾಕುವ ಪ್ಯಾಂಟನ್ನು.
ಬಿಡಿಸಿ ನೋಡಿದೆ,
ಎಡಗಾಲಿನ ಅಂಚು ಮಾತ್ರ
ಒಂದಿಂಚು ಮೇಲಕ್ಕೆ ಹೊಲಿದಿತ್ತು,
ಕ್ಲಚ್ಚಿಗೆ ಸಿಕ್ಕದ ಹಾಗೆ.